ಚಂದ್ರಗುತ್ತಿ ಕೋಟೆ, 80 ಪಿಕ್ಸೆಲ್ ಅಗಲ

ಸೊರಬ ತಾಲ್ಲೂಕಿನ ಚಂದ್ರಗುತ್ತಿಗೆ ಹೋಗಿದ್ದೆವಲ್ಲ, ರೇಣುಕಾಂಬೆಯ ಗುಹಾಲಯ ನೋಡಿ, ಗುಡ್ಡ ಹತ್ತಿ, ಕೋಟೆಯನ್ನೂ ಸುತ್ತಿ ಬಂದೆವು. ಮೂರು ಫೋನ್‌ಗಳ ಫೋಟೋಗಳನ್ನು ಒಂದೇ ಫೋಲ್ಡರಿಗೆ ಹಾಕಿ, ಪತ್ರಿಕೆಗೆ ಬೇಕಾದ ಅಳತೆಗೆ ಇಳಿಸಲು ನಾಲ್ಕು ಸಾಲಿನ ಬ್ಯಾಶ್ ಸ್ಕ್ರಿಪ್ಟ್ ಬರೆದೆವು. $1 ಅಂದ್ರೆ ಫೋಲ್ಡರ್, $2 ಅಗಲ, $3 ಗುಣಮಟ್ಟ. ಒಳಗೆ ಕೆಲಸ ಮಾಡುವುದು ಇಮೇಜ್‌ಮ್ಯಾಜಿಕ್‌ನ ಮೊಗ್ರಿಫೈ.

ಓಡಿಸುವಾಗ 1200 80 ಅನ್ನುವ ಬದಲು 80 1200 ಅಂತ ಟೈಪ್ ಆಯ್ತು. ಶೆಲ್ ತುಟಿ ಬಿಚ್ಚಲಿಲ್ಲ. ಅದಕ್ಕೆ ಅವೆರಡೂ ಬರೀ ಪದಗಳು. ಯಾವುದು ಅಗಲ, ಯಾವುದು ಗುಣಮಟ್ಟ ಅನ್ನೋದು ನಮ್ಮ ತಲೆಯಲ್ಲಷ್ಟೇ ಇತ್ತು. ಮೊಗ್ರಿಫೈ ಬೇರೆ ಮೂಲ ಫೈಲಿನ ಮೇಲೇ ಬರೆಯುತ್ತೆ. ಕೋಟೆ ಬಾಗಿಲು ಅಂಚೆಚೀಟಿಯಾಯ್ತು. ಫೋನ್‌ಗಳಲ್ಲಿ ಜಾಗ ಸಾಲದು ಅಂತ ಅಲ್ಲಿಯವನ್ನು ಆಗಲೇ ಅಳಿಸಿದ್ದೆವು!

ಬೇಕಾಗಿದ್ದು ಸ್ಥಾನವಲ್ಲ, ಹೆಸರು. ಬ್ಯಾಶ್‌ನಲ್ಲೇ ಗೆಟ್‌ಆಪ್ಟ್ಸ್ ಇದೆ: ಒಪ್ಪುವ ಅಕ್ಷರಗಳನ್ನು ಒಂದು ಸ್ಟ್ರಿಂಗಿನಲ್ಲಿ ಕೊಡಬೇಕು, ಅಕ್ಷರದ ನಂತರ ಕೋಲನ್ ಇದ್ದರೆ ಆ ಆಯ್ಕೆಗೊಂದು ಬೆಲೆ ಬೇಕು ಎಂದರ್ಥ. ಆದರೆ ಒಂದಕ್ಷರದ ಆಯ್ಕೆಗಳು ಮಾತ್ರ. ಫೋಲ್ಡರ್ ಹೆಸರು ಮೊದಲೇ ಬಂದರೆ ಅಲ್ಲಿಗೇ ಓದುವುದನ್ನು ನಿಲ್ಲಿಸಿಬಿಡುತ್ತೆ. ಇದು ತಿಳಿಯೋಕೆ ನಮಗೆ ಒಂದು ಸಂಜೆ ಪೂರ್ತಿ ಹಿಡೀತು.

ಹಾಗಾಗಿ ಪೈಥಾನ್‌ಗೆ ಬಂದೆವು. 2.7 ಮತ್ತು 3.2ರಿಂದ ಆರ್ಗ್‌ಪಾರ್ಸ್ ಅದರ ಜೊತೆಗೇ ಬರುತ್ತದೆ. ಪೈಥಾನ್ 3ರಲ್ಲಿ ಆಯ್ಕೆಯ ಹೆಸರನ್ನು ಕನ್ನಡದಲ್ಲೇ ಇಡಬಹುದು:

--ಅಗಲ 1200 --ಗುಣಮಟ್ಟ 80

ಯಾವುದು ಮೊದಲು ಬಂದರೂ ಅರ್ಥ ಒಂದೇ. ಟೈಪ್ ಅನ್ನು ಇಂಟ್ ಅಂತ ಕೊಟ್ಟರೆ, 'ಎಂಬತ್ತು' ಎಂದು ಬರೆದಾಗ ಫೋಟೋ ಮುಟ್ಟುವ ಮೊದಲೇ ತಪ್ಪು ತೋರಿಸಿ ನಿಲ್ಲುತ್ತದೆ. (೮೦ ಎಂದು ಕನ್ನಡ ಅಂಕಿಯಲ್ಲಿ ಬರೆದರೆ ಮಾತ್ರ ಸರಿಯಾಗಿ ಓದಿಕೊಳ್ಳುತ್ತೆ, ಪ್ರಯತ್ನಿಸಿ ನೋಡಿ.) ಆದರೆ ಗುಣಮಟ್ಟ 1200 ಅನ್ನೋದು ಅಸಂಬದ್ಧ ಅಂತ ಇಂಟ್‌ಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಟೈಪ್ ಜಾಗದಲ್ಲಿ ನಮ್ಮದೇ ಫಂಕ್ಷನ್ ಕೊಟ್ಟೆವು. 1ರಿಂದ 100ರ ಆಚೆ ಹೋದರೆ ಅದು ಎರರ್ ಎಸೆಯುತ್ತದೆ.

ಈಗ ಚಿಕ್ಕ ಫೋಟೋಗಳು ಬೇರೆ ಫೋಲ್ಡರಿಗೆ ಹೋಗುತ್ತವೆ. ಮೂಲದ ಮೇಲೇ ಬರೆಯಬೇಕಿದ್ದರೆ --ಮೂಲದಮೇಲೆ ಅಂತ ಬಾಯಿಬಿಟ್ಟು ಹೇಳಬೇಕು. ಇಲ್ಲೂ ಒಂದು ಕೊಕ್ಕೆ ಇತ್ತು: ಆರ್ಗ್‌ಪಾರ್ಸ್ ಮೊಟಕು ಹೆಸರನ್ನೂ ಒಪ್ಪುತ್ತದೆ, --ಮೂ ಅಂದರೂ ಸಾಕು. 3.5ರಿಂದ ಇರುವ ಅಲೋ_ಅಬ್ರೆವ್ ಅನ್ನು ಫಾಲ್ಸ್ ಮಾಡಿ ಅದನ್ನು ಮುಚ್ಚಿದೆವು.

ಫೋಟೋಗಳಿಗಾಗಿ ಮಳೆ ನಿಂತ ಮೇಲೆ ಮತ್ತೆ ಗುಡ್ಡ ಹತ್ತಬೇಕು. ಬರುವವರು ಹೆಸರು ಕೊಡಿ.