ಅರೆವಾಹಕ ಜೈವಿಕ ಸಂವೇದಕ: ಸೂಕ್ಷ್ಮತೆಯಷ್ಟೇ ಸಾಲದು

ನೆದರ್ಲೆಂಡ್ಸಿನ ಪೀಟ್ ಬರ್ಗ್‌ವೆಲ್ಡ್ ಅವರು 1970ರಲ್ಲಿ ಟ್ರಾನ್ಸಿಸ್ಟರಿನ ಲೋಹದ ಗೇಟನ್ನು ತೆಗೆದು, ಆ ಸ್ಥಾನದಲ್ಲಿ ದ್ರಾವಣವೇ ತಾಗುವಂತೆ ಮಾಡಿದರು. ದ್ರಾವಣದ ಆಮ್ಲೀಯತೆ ಬದಲಾದಂತೆ ವಿದ್ಯುತ್ ಪ್ರವಾಹವೂ ಬದಲಾಗುತ್ತದೆ. ಅದರ ಮೇಲೆ ಯೂರಿಯೇಸ್ ಕಿಣ್ವವನ್ನು ಲೇಪಿಸಿದರೆ ಯೂರಿಯಾ ಪ್ರಮಾಣವನ್ನು ಅಳೆಯಬಹುದು.

ಸಾಧಾರಣ ರಚನೆಯಲ್ಲಿ ಸೂಕ್ಷ್ಮತೆಗೊಂದು ಮಿತಿಯುಂಟು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಹೆಚ್ ಒಂದು ಅಂಶ ಬದಲಾದರೆ ಸುಮಾರು 59 ಮಿಲಿವೋಲ್ಟ್. ಸಿಲಿಕಾನ್ ಡೈಆಕ್ಸೈಡ್ ಮೇಲ್ಪದರವು ಇದಕ್ಕಿಂತ ಬಹಳ ಕಡಿಮೆ ಕೊಡುತ್ತದೆ. ಟ್ಯಾಂಟಲಮ್ ಪೆಂಟಾಕ್ಸೈಡ್ ಮಿತಿಯ ಸಮೀಪಕ್ಕೆ ಬರುತ್ತದೆ.

ನಿಜವಾದ ತೊಡಕು ಸ್ಥಿರತೆಯದು. ನೀರಿನ ಸಂಪರ್ಕದಲ್ಲಿರುವ ಮೇಲ್ಪದರವು ನಿಧಾನವಾಗಿ ಮಾರ್ಪಡುವುದರಿಂದ, ದ್ರಾವಣ ಬದಲಾಗದಿದ್ದರೂ ಅಳತೆ ಗಂಟೆಗಂಟೆಗೂ ಸರಿಯುತ್ತದೆ. ಪರಿಹಾರವಾಗಿ, ಕಿಣ್ವವಿಲ್ಲದ ಇನ್ನೊಂದು ಸಂವೇದಕವನ್ನು ಜೊತೆಗಿಟ್ಟು ಎರಡರ ವ್ಯತ್ಯಾಸವನ್ನಷ್ಟೇ ಓದುತ್ತಾರೆ. ತಾಳೆಪಟ್ಟಿಯಲ್ಲಿ ಎರಡೂ ಕಡೆಯ ಸಮಾನ ಮೊತ್ತಗಳನ್ನು ಹೊಡೆದುಹಾಕುವಂತೆಯೇ ಇದು. ಆದರೆ ಕಿಣ್ವವು ಶಾಖಕ್ಕೂ ತೇವಕ್ಕೂ ಕೆಡುವುದನ್ನು ಈ ಉಪಾಯ ತಡೆಯದು. ಅದಕ್ಕೆ ಒಣ ಪೊಟ್ಟಣ, ತಂಪು ಉಗ್ರಾಣಗಳೇ ಬೇಕು.

ವರ್ತಕರಿಗೆ ನಷ್ಟವಾಗುವುದು ಇಲ್ಲಿಯೇ. ದಾಸ್ತಾನನ್ನು ವೆಚ್ಚ ಅಥವಾ ನಿವ್ವಳ ಮಾರಾಟ ಮೌಲ್ಯ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಕಟ್ಟಬೇಕಾದ್ದರಿಂದ ಅವಧಿ ಮೀರಿದ ಸರಕು ಲಾಭವನ್ನು ನೇರವಾಗಿ ತಿನ್ನುತ್ತದೆ. ಸಾಲದೆಂಬಂತೆ, ಲೆಕ್ಕದಿಂದ ತೊಡೆದುಹಾಕಿದ ಸರಕಿನ ಮೇಲಿನ ಹೂಡುವಳಿ ತೆರಿಗೆ ಜಮೆಯನ್ನೂ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)(ಎಚ್) ಕಲಮಿನಂತೆ ಹಿಂತಿರುಗಿಸಬೇಕು. ಆದುದರಿಂದ ಖರೀದಿ ಆದೇಶದಲ್ಲಿ ಸೂಕ್ಷ್ಮತೆಯ ಅಂಕಿಯ ಜೊತೆಗೆ ಗಂಟೆಗೆ ಎಷ್ಟು ಮಿಲಿವೋಲ್ಟ್ ಸರಿಯುತ್ತದೆಂಬುದನ್ನೂ, ಸರಕು ಕೈಸೇರಿದ ದಿನ ಉಳಿದಿರಬೇಕಾದ ಕನಿಷ್ಠ ಬಾಳಿಕೆಯ ತಿಂಗಳುಗಳನ್ನೂ ಬರೆಸಿಕೊಳ್ಳತಕ್ಕದ್ದು.