ಡ್ರಾಫ್ಟ್‌ನಲ್ಲಿ ಮೊದಲ ಹೆಸರು ಯಾರದ್ದು?

ಈ ವರ್ಷದ ಕ್ರೀಡಾ ವಾರಕ್ಕೆ ಫುಟ್‌ಬಾಲ್ ತಂಡಗಳನ್ನು ಡ್ರಾಫ್ಟ್ ಮೂಲಕ ಕಟ್ಟುತ್ತೇವೆ ಎಂದು ಪಿ.ಟಿ. ಸರ್ ನೋಟಿಸ್ ಹಾಕಿದ್ದಾರೆ. ಅಂದಿನಿಂದ ಸಿಕ್ಕವರೆಲ್ಲ ನನಗೆ ಎರಡೇ ಪ್ರಶ್ನೆ ಕೇಳುತ್ತಿದ್ದಾರೆ. ಡ್ರಾಫ್ಟ್ ಅಂದರೆ ಏನು? ಮೊದಲು ಯಾರ ಹೆಸರು ಕೂಗುತ್ತಾರೆ? ನನ್ನನ್ನೇ ಕೇಳುವುದಕ್ಕೆ ಕಾರಣ, ಹೋದ ವರ್ಷದ ಏಳೂ ಪಂದ್ಯಗಳ ಸ್ಕೋರ್ ಪುಸ್ತಕ ನನ್ನ ಹತ್ತಿರ ಇದೆ. ನಾನು ಆಡುವವಳಲ್ಲ, ಬರೆಯುವವಳು. ಕಾಮರ್ಸ್ ಹುಡುಗಿ, ಕೂಡು-ಕಳೆ ಸರಿಯಾಗಿರುತ್ತದೆ ಎಂದು ಸರ್ ನನಗೆ ಆ ಕೆಲಸ ಕೊಟ್ಟಿದ್ದಾರೆ.

ಡ್ರಾಫ್ಟ್ ನಮಗೆ ಹೊಸದೇನಲ್ಲ. ಓಣಿಯಲ್ಲಿ ಕ್ರಿಕೆಟ್ ಆಡುವಾಗ ಇಬ್ಬರು ನಾಯಕರು ಎದುರೆದುರು ನಿಂತು, ಒಬ್ಬ ಒಂದು ಹೆಸರು ಕೂಗಿದ ಮೇಲೆ ಇನ್ನೊಬ್ಬ ಒಂದು ಹೆಸರು ಕೂಗುತ್ತಾನಲ್ಲ, ಅದೇ ಡ್ರಾಫ್ಟ್. ಐಪಿಎಲ್ ನೋಡಿದವರು ಇದನ್ನು ಹರಾಜು ಅಂದುಕೊಳ್ಳುತ್ತಾರೆ. ಹರಾಜಿನಲ್ಲಿ ಹೆಚ್ಚು ದುಡ್ಡು ಕೊಟ್ಟವನಿಗೆ ಆಟಗಾರ ಸಿಗುತ್ತಾನೆ. ಡ್ರಾಫ್ಟ್‌ನಲ್ಲಿ ದುಡ್ಡಿನ ಪೈಪೋಟಿ ಇಲ್ಲ, ಸರದಿ ಮಾತ್ರ ಇದೆ. ನಿನ್ನ ಸರದಿ ಬಂದಾಗ ಉಳಿದಿರುವವರಲ್ಲಿ ಒಬ್ಬನನ್ನು ನೀನು ತೆಗೆದುಕೊಳ್ಳಬೇಕು, ಅಷ್ಟೇ.

ಇದನ್ನು ದೊಡ್ಡ ಮಟ್ಟದಲ್ಲಿ ಶುರು ಮಾಡಿದ್ದು ಅಮೆರಿಕದವರು. ಅವರ ಫುಟ್‌ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಅಲ್ಲಿನ ಎನ್‌ಎಫ್‌ಎಲ್ ಲೀಗ್‌ನಲ್ಲಿ ಗೆಲ್ಲುವ ತಂಡಗಳಿಗೇ ಒಳ್ಳೆಯ ಹುಡುಗರು ಸೇರುತ್ತಿದ್ದರು, ಸೋಲುವ ತಂಡಗಳು ಸೋಲುತ್ತಲೇ ಇದ್ದವು. ಫಿಲಡೆಲ್ಫಿಯಾ ತಂಡದ ಮಾಲೀಕ ಬರ್ಟ್ ಬೆಲ್ ಒಂದು ಉಪಾಯ ಹೇಳಿದರು: ಕಾಲೇಜು ಮುಗಿಸಿ ಬರುವ ಆಟಗಾರರನ್ನು ಸರದಿಯ ಮೇಲೆ ಹಂಚಿಕೊಳ್ಳೋಣ, ಕಡೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಸರದಿ. 1936ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ತಮಾಷೆ ಏನೆಂದರೆ, ಮೊಟ್ಟಮೊದಲು ಆಯ್ಕೆಯಾದ ಜೇ ಬರ್ವಾಂಗರ್ ಆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ.

ನಮ್ಮ ಕಾಲೇಜಿನಲ್ಲೂ ಆಗಿದ್ದು ಇದೇ. ಹೋದ ವರ್ಷ ತಾಲ್ಲೂಕುವಾರು ತಂಡ ಮಾಡಿದ್ದರು. ಮಧುಗಿರಿಯ ಹುಡುಗರು ಮೂವತ್ತಕ್ಕೂ ಹೆಚ್ಚು ಇದ್ದರು, ಶಿರಾದವರೂ ಕಡಿಮೆ ಇರಲಿಲ್ಲ. ಕೊರಟಗೆರೆಯಿಂದ ಬಸ್ಸಿನಲ್ಲಿ ಬರುವವರನ್ನೆಲ್ಲ ಸೇರಿಸಿದರೂ ಹತ್ತು ಜನ ಆಗುವುದೇ ಕಷ್ಟವಾಯಿತು. ಶಿರಾ ಗೆದ್ದಿತು, ಮಧುಗಿರಿ ಎರಡನೆಯದು, ಪಾವಗಡ ಮೂರು, ಕೊರಟಗೆರೆ ಕೊನೆಗೆ. ಈ ಸಲ ಹೆಸರುಗಳು ಅವೇ, ಆದರೆ ಹುಡುಗರು ಬೆರಕೆ. ಕೊರಟಗೆರೆಗೆ ಮೊದಲ ಸರದಿ, ಆಮೇಲೆ ಪಾವಗಡ, ಮಧುಗಿರಿ, ಶಿರಾ. ಎರಡನೇ ಸುತ್ತಿನಲ್ಲಿ ಸರದಿ ತಿರುಗುತ್ತದೆ: ಶಿರಾ, ಮಧುಗಿರಿ, ಪಾವಗಡ, ಕೊರಟಗೆರೆ. ಹೀಗೆ ಹಾವಿನ ಹಾಗೆ ಹೋಗಿ ಬರುತ್ತದೆ. ಅಂದರೆ ಕೊರಟಗೆರೆಗೆ 1, 8, 9ನೇ ಆಯ್ಕೆಗಳು, ಶಿರಾಗೆ 4, 5, 12ನೇ ಆಯ್ಕೆಗಳು. ಈ ಸಂಖ್ಯೆಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಈಗ ಎರಡನೇ ಪ್ರಶ್ನೆ. ಕ್ಯಾಂಟೀನ್‌ನಲ್ಲಿ ಎಲ್ಲರ ಬಾಯಲ್ಲಿ ಇರುವುದು ದ್ವಿತೀಯ ಪಿಯು ವಿಜ್ಞಾನದ ಎಡಗಾಲಿನ ಹುಡುಗನ ಹೆಸರು. ಹೋದ ವರ್ಷ ಅವನ ತಂಡ ಹೊಡೆದ ಏಳು ಗೋಲುಗಳಲ್ಲಿ ಐದು ಅವನದ್ದು. ಒಳ್ಳೆಯ ಆಟಗಾರ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ "ಯಾರು ಒಳ್ಳೆಯವನು" ಎನ್ನುವುದೇ ಒಂದು ಪ್ರಶ್ನೆ, "ಯಾರನ್ನು ಮೊದಲು ತೆಗೆದುಕೊಳ್ಳುತ್ತಾರೆ" ಎನ್ನುವುದು ಇನ್ನೊಂದು.

ಈ ವ್ಯತ್ಯಾಸ ನನಗೆ ಅರ್ಥವಾಗಿದ್ದು ನನ್ನ ಮಾಮು ಅವರಿಂದ. ಅವರು ಹುಣಸೆ ಮರಗಳನ್ನು ಗುತ್ತಿಗೆ ಹಿಡಿಯುತ್ತಾರೆ. ಕಾಯಿ ಹಣ್ಣಾಗುವ ಮುಂಚೆಯೇ ಶಿರಾ, ಪಾವಗಡ ಕಡೆಯ ಊರುಗಳಿಗೆ ಹೋಗಿ, ಮರ ನೋಡಿ ರೈತರ ಹತ್ತಿರ ರೇಟು ಮಾತಾಡಿ ಬರುತ್ತಾರೆ. ಒಮ್ಮೆ ನಾನು ಜೊತೆಗೆ ಹೋಗಿದ್ದೆ. ಮರದಲ್ಲಿ ಎಷ್ಟು ಕಾಯಿ ಇದೆ ಎಂದು ನಾನು ಕತ್ತೆತ್ತಿ ಎಣಿಸುತ್ತಿದ್ದರೆ ಮಾಮು ಹೇಳಿದರು: "ಝಾಡ್ ನಕ್ಕೊ ದೇಖ್, ಲೇನೆವಾಲೆಕು ದೇಖ್." ಮರ ನೋಡಬೇಡ, ಕೊಳ್ಳುವವನನ್ನು ನೋಡು. ಆ ಊರಿಗೆ ಇನ್ನು ಯಾರು ಯಾರು ವ್ಯಾಪಾರಿಗಳು ಬಂದಿದ್ದಾರೆ, ಯಾರ ಹತ್ತಿರ ಈಗಾಗಲೇ ಮಾಲು ಇದೆ, ಯಾರಿಗೆ ಈ ವಾರವೇ ಬೇಕು, ಇದೆಲ್ಲ ಗೊತ್ತಾದರೆ ಯಾವ ಮರ ಮೊದಲು ಹೋಗುತ್ತದೆ ಎಂದು ಹೇಳಬಹುದಂತೆ. ನಮ್ಮ ಅರ್ಥಶಾಸ್ತ್ರದ ಪುಸ್ತಕದಲ್ಲಿ ಬೇಡಿಕೆ, ಪೂರೈಕೆ ಎಂದು ಎರಡು ಗೆರೆ ಎಳೆದು ತೋರಿಸುವುದು ಇದನ್ನೇ.

ಫುಟ್‌ಬಾಲ್‌ನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಇಂಡಿಯನ್ ಸೂಪರ್ ಲೀಗ್‌ನಲ್ಲಿ 2015ರಲ್ಲಿ ಹತ್ತು ಮಂದಿ ಭಾರತೀಯ ಆಟಗಾರರನ್ನು ಹರಾಜು ಹಾಕಿದ್ದರು. ಸುನಿಲ್ ಛೆಟ್ರಿ 1.20 ಕೋಟಿ ರೂಪಾಯಿಗೆ ಮುಂಬೈ ಪಾಲಾದರು. 2017ರ ಜುಲೈನಲ್ಲಿ ನಡೆದದ್ದು ಹರಾಜಲ್ಲ, ಡ್ರಾಫ್ಟ್. ಆ ವರ್ಷ ಬೆಂಗಳೂರು ಎಫ್‌ಸಿ ಮತ್ತು ಜಮ್‌ಶೆಡ್‌ಪುರ ಹೊಸದಾಗಿ ಸೇರಿ ಹತ್ತು ತಂಡಗಳಾದವು. ಪ್ರತಿ ಆಟಗಾರನ ಬೆಲೆ ಮೊದಲೇ ನಿಗದಿಯಾಗಿತ್ತು. ಹಳೆಯ ಆಟಗಾರರಲ್ಲಿ ಇಬ್ಬರು ಹಿರಿಯರನ್ನು ಮತ್ತು ಕೆಲವು ಕಿರಿಯರನ್ನು ಮಾತ್ರ ಉಳಿಸಿಕೊಳ್ಳಬಹುದಿತ್ತು.

ಆ ಡ್ರಾಫ್ಟ್‌ನ ಮೊದಲ ಹೆಸರು ಯಾರದ್ದು ಎಂದು ಯಾರನ್ನಾದರೂ ಕೇಳಿ. ಛೆಟ್ರಿ ಎನ್ನುತ್ತಾರೆ. ಛೆಟ್ರಿ ಆ ಪಟ್ಟಿಯಲ್ಲೇ ಇರಲಿಲ್ಲ. ಬೆಂಗಳೂರು ಅವರನ್ನೂ ಉದಾಂತ ಸಿಂಗ್ ಅವರನ್ನೂ ಉಳಿಸಿಕೊಂಡಿತ್ತು. ಊಹೆ ಮಾಡುವವರು ಮೊದಲು ಮಾಡಬೇಕಾದ ಕೆಲಸ ಇದು: ಪೇಟೆಗೆ ಬಾರದ ಮಾಲನ್ನು ಲೆಕ್ಕದಿಂದ ತೆಗೆಯುವುದು. ಇಬ್ಬರನ್ನೇ ಉಳಿಸಿಕೊಳ್ಳಬೇಕೆಂಬ ನಿಯಮದಿಂದಾಗಿ ಬೆಂಗಳೂರಿನಲ್ಲಿ ಮೂರು ವರ್ಷ ಆಡಿದ್ದ ಯೂಜೆನ್‌ಸನ್ ಲಿಂಗ್ಡೋ ಹೊರಗೆ ಬಂದರು. ಪಟ್ಟಿಯಲ್ಲಿ ಅತಿ ಹೆಚ್ಚು ಬೆಲೆ, 1.10 ಕೋಟಿ, ಇಬ್ಬರಿಗೆ ಇತ್ತು. ಒಬ್ಬರು ಗೋಲು ಹೊಡೆಸುವ ಮಿಡ್‌ಫೀಲ್ಡರ್ ಲಿಂಗ್ಡೋ, ಇನ್ನೊಬ್ಬರು ಕೇರಳದ ಮಲಪ್ಪುರಂ ಜಿಲ್ಲೆಯ ಡಿಫೆಂಡರ್ ಅನಸ್ ಎಡತೊಡಿಕ. ಯಾರನ್ನೂ ಉಳಿಸಿಕೊಳ್ಳದ ಜಮ್‌ಶೆಡ್‌ಪುರ ಮೊದಲ ಸರದಿಯಲ್ಲಿ ತೆಗೆದುಕೊಂಡಿದ್ದು ಅನಸ್ ಅವರನ್ನು. ಲಿಂಗ್ಡೋ ಕೋಲ್ಕತ್ತಾದ ಎಟಿಕೆಗೆ ಹೋದರು.

ಗೋಲು ಹೊಡೆಯುವವನಲ್ಲ, ತಡೆಯುವವನು ಮೊದಲ ಆಯ್ಕೆ. ನನ್ನ ಅನಿಸಿಕೆ ಹೇಳುವುದಾದರೆ, ಆಗ ಐಎಸ್‌ಎಲ್ ತಂಡಗಳು ಗೋಲು ಹೊಡೆಯಲು ವಿದೇಶಿಯರನ್ನು ತರುತ್ತಿದ್ದವು. ನಂಬಬಹುದಾದ ಭಾರತೀಯ ಸೆಂಟರ್ ಬ್ಯಾಕ್‌ಗಳು ಕೈಬೆರಳೆಣಿಕೆ. ಕಡಿಮೆ ಇರುವುದು ಮೊದಲು ಖಾಲಿಯಾಗುತ್ತದೆ. ಅಮೆರಿಕದಲ್ಲೂ ಹಾಗೆಯೇ, ತಂಡವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಎಂಬ ಸ್ಥಾನಕ್ಕೆ ಒಳ್ಳೆಯವರು ಸಿಗುವುದೇ ಕಷ್ಟ. 2024ರ ಡ್ರಾಫ್ಟ್‌ನಲ್ಲಿ ಮೊದಲ ಮೂರೂ ಆಯ್ಕೆಗಳು ಕ್ವಾರ್ಟರ್‌ಬ್ಯಾಕ್‌ಗಳೇ.

ಮೊದಲ ಸರದಿ ಸಿಕ್ಕರೆ ಗೆದ್ದಂತೆ ಎಂದು ಕೊರಟಗೆರೆಯವರು ಈಗಲೇ ಸಿಹಿ ಹಂಚುವುದು ಬೇಡ. ಜಮ್‌ಶೆಡ್‌ಪುರ ಆ ವರ್ಷ ಐದನೇ ಸ್ಥಾನಕ್ಕೆ ಬಂತು, ಎಟಿಕೆ ಒಂಬತ್ತನೆಯದು. ಬೆಂಗಳೂರು 40 ಅಂಕ ಪಡೆದು ಲೀಗ್‌ನಲ್ಲಿ ಮೊದಲನೆಯದಾಯಿತು, ಆದರೆ 2018ರ ಮಾರ್ಚ್‌ನಲ್ಲಿ ಕಂಠೀರವ ಕ್ರೀಡಾಂಗಣದ ಫೈನಲ್‌ನಲ್ಲಿ ಚೆನ್ನೈಗೆ 3-2ರಿಂದ ಸೋತಿತು. ಅದೇ ಡ್ರಾಫ್ಟ್‌ನಲ್ಲಿ ಬೆಂಗಳೂರು ತಂದ ಡಿಫೆಂಡರ್ ರಾಹುಲ್ ಭೆಕೆ ಅವರ ಬಗ್ಗೆ ಅಂದು ಯಾರೂ ದೊಡ್ಡದಾಗಿ ಮಾತಾಡಿರಲಿಲ್ಲ. ಮರುವರ್ಷದ ಫೈನಲ್‌ನಲ್ಲಿ ಗೋವಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ತಲೆಯಿಂದ ಹೊಡೆದು ಬೆಂಗಳೂರಿಗೆ ಕಪ್ ಕೊಡಿಸಿದ್ದು ಅವರೇ.

ಇನ್ನು ನಮ್ಮ ಮೈದಾನಕ್ಕೆ ಬರೋಣ. ನಾಲ್ಕು ನಾಯಕರು ಈಗಾಗಲೇ ನಿಗದಿಯಾಗಿದ್ದಾರೆ, ಅವರು ಪಟ್ಟಿಯಲ್ಲಿ ಇಲ್ಲ. ಉಳಿದವರು 36 ಮಂದಿ. ಕೊರಟಗೆರೆಯ ನಾಯಕ ಸ್ವತಃ ಸ್ಟ್ರೈಕರ್. ಪಾವಗಡದ ನಾಯಕ ಗೋಲ್‌ಕೀಪರ್. ಮಧುಗಿರಿಯವನು ಮಿಡ್‌ಫೀಲ್ಡರ್, ಶಿರಾದವನು ಡಿಫೆಂಡರ್. ಈಗ ಪಟ್ಟಿ ನೋಡಿ: ಗೋಲು ಹೊಡೆಯುತ್ತೇನೆ ಎನ್ನುವವರು ಹದಿನೈದು ಜನ ಇದ್ದಾರೆ. ನಿಜವಾದ ಕೀಪರ್‌ಗಳು ಇಬ್ಬರೇ. ಕೀಪರ್ ಬೇಕಾದ ತಂಡಗಳು ಮೂರು.

ಕೊರಟಗೆರೆ ಮೊದಲ ಸರದಿಯಲ್ಲಿ ಎಡಗಾಲಿನ ಹುಡುಗನನ್ನು ತೆಗೆದುಕೊಂಡಿತು ಎಂದುಕೊಳ್ಳಿ. ಅದರ ಮುಂದಿನ ಸರದಿ 8ನೆಯದು. ನಡುವೆ ಮಧುಗಿರಿ, ಶಿರಾ ಇಬ್ಬರಿಗೂ ಎರಡೆರಡು ಅವಕಾಶ. 8 ಬರುವಷ್ಟರಲ್ಲಿ ಎರಡೂ ಕೀಪರ್ ಖಾಲಿ. ಆದ್ದರಿಂದ ನನ್ನ ಊಹೆ: ಮೊದಲ ಹೆಸರು ಪ್ರಥಮ ಪಿಯು ಕಾಮರ್ಸ್‌ನ ಎತ್ತರದ ಕೀಪರ್. ಎರಡನೆಯದಾಗಿ ಪಾವಗಡ, ಕೀಪರ್ ಚಿಂತೆ ಇಲ್ಲದ ಕಾರಣ, ಎಡಗಾಲಿನ ಹುಡುಗನನ್ನು ಹಿಡಿಯುತ್ತದೆ. ಮೂರನೇ ಸರದಿಯಲ್ಲಿ ಮಧುಗಿರಿ ಉಳಿದ ಒಬ್ಬ ಕೀಪರ್‌ನನ್ನು ಬಿಟ್ಟರೆ ಮರುಕ್ಷಣವೇ ಶಿರಾ ಎತ್ತಿಕೊಳ್ಳುತ್ತದೆ, ಹಾಗಾಗಿ ಬಿಡುವುದಿಲ್ಲ. ಶಿರಾಗೆ ಒಟ್ಟಿಗೆ ಎರಡು ಆಯ್ಕೆ. ಒಂದರಲ್ಲಿ ಬಲಬದಿಯಲ್ಲಿ ಗಾಳಿಯಂತೆ ಓಡುವ ಪ್ರಥಮ ಪಿಯು ಹುಡುಗ, ಇನ್ನೊಂದರಲ್ಲಿ ಕಲಾ ವಿಭಾಗದ ವಾಲಿಬಾಲ್ ಆಟಗಾರ. ನಗಬೇಡಿ. ಕೀಪರ್ ಸಿಗದಿದ್ದಾಗ ಕೈ ಚುರುಕಾಗಿರುವವನೇ ಕೀಪರ್.

ಈ ಲೆಕ್ಕ ತಪ್ಪಿಸುವ ಸಂಗತಿಗಳೂ ಇವೆ. ಕೊರಟಗೆರೆಯ ನಾಯಕನೂ ಎಡಗಾಲಿನ ಹುಡುಗನೂ ದಿನಾ ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಾರೆ. ದೋಸ್ತಿಯನ್ನು ಯಾವ ಖಾನೆಯಲ್ಲಿ ಬರೆಯುವುದು ಎಂದು ನನ್ನ ಸ್ಕೋರ್ ಪುಸ್ತಕದಲ್ಲಿ ಇಲ್ಲ. ಪಾವಗಡದ ನಾಯಕ ತುಂಟತನಕ್ಕೆ ಎರಡನೇ ಕೀಪರ್‌ನನ್ನೂ ಎತ್ತಿಕೊಂಡು ಮಧುಗಿರಿ, ಶಿರಾ ಎರಡನ್ನೂ ಕಷ್ಟಕ್ಕೆ ಸಿಲುಕಿಸಬಹುದು. ಆದರೆ ಹಾಗೆ ಮಾಡಿದರೆ ಎಡಗಾಲಿನ ಹುಡುಗ ಮಧುಗಿರಿಗೆ ಹೋಗುತ್ತಾನೆ, ಅದು ದುಬಾರಿ ತುಂಟತನ. ಇದಕ್ಕಿಂತ ದೊಡ್ಡ ತೊಂದರೆ ಈ ಲೇಖನವೇ. ನಾಲ್ಕೂ ನಾಯಕರು ಇದನ್ನು ಓದುತ್ತಾರೆ. ಓದಿದ ಮೇಲೆ ಅವರು ಮೊದಲಿನ ಹಾಗೆ ಯೋಚಿಸುವುದಿಲ್ಲ. ಷೇರು ಬೆಲೆ ಏರುತ್ತದೆ ಎಂದು ಪತ್ರಿಕೆಯಲ್ಲಿ ಬಂದರೆ ಬೆಳಿಗ್ಗೆಯೇ ಎಲ್ಲರೂ ಕೊಳ್ಳಲು ಓಡುತ್ತಾರಲ್ಲ, ಹಾಗೆ.

ಇಷ್ಟು ಓದಿ "ಎಷ್ಟು ಕಟ್ಟೋಣ?" ಎಂದು ಕೇಳುವವರಿಗೆ: ಏನೂ ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿಯೇ ನಿಷೇಧಿಸಿದೆ. ಹಾಸ್ಟೆಲ್ ಕೋಣೆಯಲ್ಲಿ ಅದನ್ನು ಕಾಗದದ ಮೇಲೆ ಶುರು ಮಾಡಬೇಡಿ.

ಕೊನೆಯ ಹೆಸರುಗಳ ಬಗ್ಗೆಯೂ ಹೇಳಬೇಕು, ಏಕೆಂದರೆ ಎಲ್ಲರ ಊಹೆಯೂ ಮೊದಲ ಐದಕ್ಕೇ ನಿಲ್ಲುತ್ತದೆ. ಎನ್‌ಎಫ್‌ಎಲ್‌ನಲ್ಲಿ ಕೊನೆಗೆ ಆಯ್ಕೆಯಾದವನಿಗೆ 1976ರಿಂದ ಒಂದು ಅಡ್ಡಹೆಸರು ಇದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. 2022ರಲ್ಲಿ ಆ ಹೆಸರು ಬಂದದ್ದು 262ನೆಯವನಾಗಿ ಆಯ್ಕೆಯಾದ ಬ್ರಾಕ್ ಪರ್ಡಿಗೆ. ಎರಡು ವರ್ಷ ತುಂಬುವುದರೊಳಗೆ ಅವರು ತಮ್ಮ ತಂಡವನ್ನು ಸೂಪರ್ ಬೌಲ್ ಫೈನಲ್‌ಗೆ ಕರೆದೊಯ್ದರು. ಏಳು ಸೂಪರ್ ಬೌಲ್ ಗೆದ್ದ ಟಾಮ್ ಬ್ರೇಡಿ 2000ದಲ್ಲಿ ಆಯ್ಕೆಯಾದದ್ದು 199ನೆಯವರಾಗಿ. ಅವರಿಗಿಂತ ಮೊದಲು ಆರು ಕ್ವಾರ್ಟರ್‌ಬ್ಯಾಕ್‌ಗಳ ಹೆಸರು ಕೂಗಿದ್ದರು. ನೋಡುವವರು ನೋಡಿದ್ದನ್ನೇ ಅಳೆಯುತ್ತಾರೆ. ನಮ್ಮ ಸ್ಕೋರ್ ಪುಸ್ತಕದಲ್ಲೂ ಅಚ್ಚಾಗಿರುವುದು ಗೋಲಿನ ಖಾನೆ ಮಾತ್ರ. ಈ ಸಲ ಸ್ಕೇಲ್ ಹಿಡಿದು ಇನ್ನೆರಡು ಖಾನೆ ಎಳೆದಿದ್ದೇನೆ: ತಡೆದದ್ದು, ಕಿತ್ತುಕೊಂಡದ್ದು.

ಪಾವಗಡ ಕಡೆಯಿಂದ ಬಂದು ಹಾಸ್ಟೆಲ್‌ನಲ್ಲಿರುವ ಪ್ರಥಮ ಪಿಯು ಹುಡುಗರ ಆಟವನ್ನು ಇಲ್ಲಿ ಇನ್ನೂ ಯಾರೂ ನೋಡಿಲ್ಲ. ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗುತ್ತಾ ಹೋದರೆ ಇಡೀ ಕಾಲೇಜಿನ ಮುಂದೆ ಕೊನೆಗೆ ನಿಲ್ಲುವವರು ಅವರೇ. ಓಣಿ ಆಟದಲ್ಲಿ ಹಾಗೆ ಕೊನೆಗೆ ಉಳಿದು ಚಪ್ಪಲಿ ನೋಡುತ್ತಾ ನಿಂತವರಿಗೆ ಅದು ಏನೆಂದು ಗೊತ್ತು. ಇದನ್ನು ಪಿ.ಟಿ. ಸರ್ ಹತ್ತಿರ ಹೇಳಿದೆ. ಒಂಬತ್ತು ಸುತ್ತಿನಲ್ಲಿ ಮೊದಲ ಏಳು ಮಾತ್ರ ಕೂಗುತ್ತಾರೆ, ಕೊನೆಯ ಎಂಟು ಜನರನ್ನು ಚೀಟಿ ಎತ್ತಿ ಹಂಚುತ್ತಾರೆ ಎಂದು ಒಪ್ಪಿದ್ದಾರೆ. ಡ್ರಾಫ್ಟ್‌ಗೆ ಮೊದಲು ಎರಡು ಸಂಜೆ ಎಲ್ಲರಿಗೂ ಅಭ್ಯಾಸ ಪಂದ್ಯ ಇರುತ್ತದೆ. ನಾಯಕರು ಬಂದು ನೋಡಲಿ.

ಆರರಿಂದ ಹನ್ನೆರಡರವರೆಗಿನ ಹೆಸರುಗಳನ್ನು ಇಲ್ಲಿ ಬರೆದರೆ ನಾಯಕರಿಗೆ ಪುಕ್ಕಟೆ ಸಲಹೆ ಕೊಟ್ಟಂತಾಗುತ್ತದೆ. ಅವನ್ನು ಒಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಲೈಬ್ರರಿ ಮೇಡಂ ಹತ್ತಿರ ಕೊಟ್ಟಿದ್ದೇನೆ. ಡ್ರಾಫ್ಟ್ ಮುಗಿದ ಸಂಜೆ ಯಾರು ಬೇಕಾದರೂ ಒಡೆದು ಓದಬಹುದು.