ಮೊಬೈಲ್ ಸ್ಟಾರ್ಟರ್ ಸಿಗ್ನಲ್ ಹಿಡಿಯದಿದ್ದರೆ ಆಂಟೆನಾ ವೈರು ನೋಡಿ

ಬೋರಿನ ಮೋಟರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡವರು ನಮ್ಮ ಚಳ್ಳಕೆರೆ ಕಡೆ ಈಗ ಬಹಳ ಜನ ಇದ್ದಾರೆ. ಸರಿರಾತ್ರಿ ತ್ರೀ ಫೇಸ್ ಬಂದರೆ ಬ್ಯಾಟರಿ ಹಿಡಿದು ಹೊಲಕ್ಕೆ ಓಡುವುದು ತಪ್ಪಿದೆ. ಆದರೆ ಮಳೆ ಹಿಡಿದ ಮೇಲೆ ಕೆಲವರ ಪೆಟ್ಟಿಗೆ ಫೋನಿಗೆ ಸಿಗುವುದೇ ಇಲ್ಲ. ಮೋಟರು ಶುರುವಾಗದಿದ್ದರೆ ಒಂದು ದಿನದ ನೀರು ಹೋದೀತು. ಓಡುವಾಗ ನಿಲ್ಲಿಸಲಾಗದಿದ್ದರೆ, ನೀರು ಇಳಿದ ಬೋರಿನಲ್ಲಿ ಮೋಟರೇ ಸುಟ್ಟೀತು. ಆಮೇಲೆ ಪೈಪು ಎತ್ತಿಸುವ ಖರ್ಚು ನಿಮಗೇ ಗೊತ್ತು.

ಎಲ್ಲರೂ ಟವರನ್ನೇ ಬೈಯುತ್ತಾರೆ. ನಾನು ಕಂಡಂತೆ ಬಹಳ ಸಲ ದೋಷ ಇರುವುದು ಪೆಟ್ಟಿಗೆಯಿಂದ ಆಂಟೆನಾಕ್ಕೆ ಹೋಗುವ ಕರಿ ವೈರಿನಲ್ಲಿ, ಅದರ ತುದಿಯ ಪಿನ್ನಿನಲ್ಲಿ.

ಮೊದಲು ಮೇನ್ ಸ್ವಿಚ್ ತೆಗೆಯಿರಿ. ಸಿಮ್ ಬಿಚ್ಚಿ ಮೊಬೈಲಿಗೆ ಹಾಕಿ, ಆಂಟೆನಾ ಇರುವ ಎತ್ತರಕ್ಕೆ ಹಿಡಿದು ನೋಡಿ. ರೀಚಾರ್ಜ್ ಮುಗಿದಿದ್ದರೆ ಅಲ್ಲೇ ತಿಳಿಯುತ್ತದೆ. (ಅರ್ಧ ರಿಪೇರಿ ಇಲ್ಲೇ ಮುಗಿಯುತ್ತದೆ ಅನ್ನಿ.) ಮೊಬೈಲಿಗೆ ಸಿಗ್ನಲ್ ಚೆನ್ನಾಗಿದ್ದು ಪೆಟ್ಟಿಗೆಗೆ ಮಾತ್ರ ಇಲ್ಲದಿದ್ದರೆ ವೈರಿಗೆ ಬನ್ನಿ.

ಈ ವೈರಿನ ನಡುವೆ ಒಂದು ತಂತಿ, ಅದರ ಸುತ್ತ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಹೆಣೆದ ತಂತಿಯ ಬಲೆ, ಹೊರಗೆ ಕರಿ ಸಿಪ್ಪೆ. ಬಿಸಿಲಿಗೆ ಸಿಪ್ಪೆ ಸೀಳಿದರೆ, ಇಲಿ ಅಳಿಲು ಕಡಿದರೆ ನೀರು ಒಳಗೆ ಹೋಗುತ್ತದೆ. ದೀಪದ ಬತ್ತಿ ಎಣ್ಣೆ ಎಳೆದ ಹಾಗೆ ಆ ಬಲೆ ನೀರನ್ನು ಉದ್ದಕ್ಕೂ ಎಳೆದುಕೊಳ್ಳುತ್ತದೆ. ಪಿನ್ನು ಬಿಚ್ಚಿದಾಗ ತಾಮ್ರ ಕಪ್ಪಾಗಿ ಹಸಿರು ಕಿಲುಬು ಕಂಡರೆ ಒಣಗಿಸುತ್ತಾ ಕೂರಬೇಡಿ, ಬೇರೆ ವೈರು ಹಾಕಿ.

ಆಂಟೆನಾದಿಂದ ವೈರನ್ನು ಬಿಚ್ಚುವ ಹಾಗಿದ್ದರೆ ಎರಡೂ ತುದಿ ಬಿಚ್ಚಿ ಮೀಟರು ಇಡಿ. ನಡುತಂತಿ ಆ ತುದಿಯಿಂದ ಈ ತುದಿಗೆ ಕೂಡಿರಬೇಕು, ಹೊರಗಿನ ಬಲೆಯೂ ಹಾಗೇ. ಎರಡೂ ಒಂದಕ್ಕೊಂದು ತಾಗಿರಬಾರದು. ಮೀಟರು ಸರಿ ತೋರಿಸಿತು ಅಂತ ಪೂರಾ ನಂಬಲೂ ಆಗದು, ನೀರು ಕುಡಿದ ವೈರು ಮೀಟರಿಗೆ ಸಿಗದೆ ಸಿಗ್ನಲ್ ನುಂಗುತ್ತದೆ. ಆಂಟೆನಾ ವೈರಿಗೇ ಸೇರಿದ್ದರೆ ಪಕ್ಕದ ಹೊಲದವರ ಒಳ್ಳೇ ಆಂಟೆನಾ ಹಚ್ಚಿ ನೋಡುವುದೇ ಸುಲಭ. ವೈಫೈ ಆಂಟೆನಾ ಮಾತ್ರ ತರಬೇಡಿ. ಹಲವದರ ಮರೆ ಕೂರುತ್ತದೆ, ನಡುವಿನ ಪಿನ್ನು ತಾಗುವುದಿಲ್ಲ.

ವೈರು ಉದ್ದವಾದಷ್ಟೂ ನಷ್ಟ. ಸಣ್ಣ ಪೈಪಿನಲ್ಲಿ ದೂರ ಹೋದಂತೆ ನೀರಿನ ಒತ್ತಡ ಇಳಿಯುತ್ತದಲ್ಲ, ಹಾಗೆ. ಪೆಟ್ಟಿಗೆ ಜೊತೆ ಬರುವ ಆರ್‌ಜಿ-174 ಎಂಬ ತೆಳು ವೈರು 900 ಮೆಗಾಹರ್ಟ್ಸ್‌ನಲ್ಲಿ ಮೀಟರಿಗೆ ಸುಮಾರು 1 ಡೆಸಿಬಲ್ ತಿನ್ನುತ್ತದೆ. 3 ಮೀಟರಿಗೆ ಸಿಗ್ನಲ್ ಅರ್ಧ, 10 ಮೀಟರಿಗೆ ಹತ್ತರಲ್ಲಿ ಒಂದು ಪಾಲು ಉಳಿದೀತು. 1800ರಲ್ಲಿ ನಷ್ಟ ಇನ್ನೂ ಜಾಸ್ತಿ. ಕೊಂಚ ದಪ್ಪನೆಯ ಆರ್‌ಜಿ-58ರಲ್ಲಿ ನಷ್ಟ ಅದರ ಅರ್ಧದಷ್ಟು. ಕಂಬದ ಮೇಲೆ ಎತ್ತರಕ್ಕೆ ಏರಿಸುವ ಆಸೆಯಿಂದ ವೈರು ಕತ್ತರಿಸಿ, ಕರೆಂಟಿನ ವೈರಿನ ಹಾಗೆ ತಿರುಚಿ ಕಟ್ಟುವವರಿದ್ದಾರೆ. ಎತ್ತರದಿಂದ ಬಂದ ಲಾಭವೆಲ್ಲ ಆ ಗಂಟಿನಲ್ಲೇ ಹೋಗುತ್ತದೆ.

ಹೊಸ ವೈರು ಹಾಕಿದಾಗ ಪಿನ್ನನ್ನು ಕೈಯಿಂದ ಬಿಗಿ ಮಾಡಿ. ಹೊರಗಿರುವ ಜಾಯಿಂಟಿಗೆ ಸಬ್‌ಮರ್ಸಿಬಲ್ ಕೇಬಲ್ಲಿಗೆ ಸುತ್ತುವ ರಬ್ಬರ್ ಟೇಪನ್ನೇ ಎಳೆದು ಸುತ್ತಿ, ಮೇಲೆ ಮಾಮೂಲಿ ಟೇಪು. ಟೇಪು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹಂಚು ಹೊದಿಸಿದ ಹಾಗೆ ನೀರು ಜಾರಲಿ. ಪೆಟ್ಟಿಗೆಗೆ ಹೋಗುವ ಮುಂಚೆ ವೈರನ್ನು ಒಂದು ಗೇಣು ಕೆಳಗೆ ಜೋಲು ಬಿಟ್ಟು, ತಳದ ತೂತಿನಿಂದ ಒಳಗೆ ಸೇರಿಸಿ. ಮಳೆನೀರು ಜೋಲಿನಲ್ಲೇ ತೊಟ್ಟಿಕ್ಕುತ್ತದೆ. ಆಂಟೆನಾ ಕಬ್ಬಿಣದ ಪೆಟ್ಟಿಗೆಯ ಒಳಗಿರಬಾರದು.

ಇಷ್ಟೆಲ್ಲಾ ಯಾಕೆ, ಬೂಸ್ಟರ್ ತರೋಣ ಅನ್ನೋರೂ ಉಂಟು. ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಸುತ್ತಲಿನವರ ಫೋನೂ ಕೆಡುತ್ತದೆ.